ನಾವು ಬರುವ ತನಕ ಏನನ್ನೂ ಮುಟ್ಟಬೇಡಿ

ಕಾರವಾರ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಪೊಲೀಸ್ ಇಲಾಖೆಯ ಬೆರಳು ಮುದ್ರೆ ಘಟಕದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ವಿಧಿವಿಜ್ಞಾನ ಎಂದೊಡನೆ ಬಿಳಿ ಕೋಟು, ಸೂಕ್ಷ್ಮದರ್ಶಕ, ಬೆಂಗಳೂರಿನ ಮಡಿವಾಳದಲ್ಲಿರುವ ದೊಡ್ಡ ಪ್ರಯೋಗಾಲಯ ನಿಮ್ಮ ಕಣ್ಣ ಮುಂದೆ ಬರಬಹುದು. ಆದರೆ ಆ ಪ್ರಯೋಗಾಲಯಕ್ಕೆ ಹೋಗುವ ಪ್ರತಿಯೊಂದು ವಸ್ತುವೂ ಹೊರಡುವುದು ನಿಮ್ಮ ಮನೆಯ ಜಗಲಿಯಿಂದ, ತೋಟದ ದಣಪೆಯಿಂದ, ದೋಣಿ ಎಳೆದಿಟ್ಟ ಮರಳಿನಿಂದ. ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಯಂತ್ರವೂ ಸರಿಪಡಿಸಲಾರದು. ಆದ್ದರಿಂದ ನಾನು ಇಂದು ಹೇಳುವುದು ಒಂದೇ ಮಾತು: ಅಪರಾಧ ನಡೆದ ಜಾಗದಲ್ಲಿ, ನಾವು ಬರುವ ತನಕ, ಏನನ್ನೂ ಮುಟ್ಟಬೇಡಿ.

ಬೆರಳ ತುದಿಯ ಗೆರೆಗಳನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಅವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿ, ಸಾಯುವ ತನಕ ಬದಲಾಗದೆ ಉಳಿಯುತ್ತವೆ; ಅವಳಿಗಳಲ್ಲಿಯೂ ಒಬ್ಬರದು ಇನ್ನೊಬ್ಬರಿಗೆ ಹೋಲುವುದಿಲ್ಲ. ಆ ಗೆರೆಗಳ ಏಣಿನ ಮೇಲಿರುವ ಸಣ್ಣ ರಂಧ್ರಗಳಿಂದ ಬೆವರು ಒಸರುತ್ತದೆ, ಮುಟ್ಟಿದಲ್ಲೆಲ್ಲ ಅದರ ಉಪ್ಪು ಮತ್ತು ಚರ್ಮದ ಜಿಡ್ಡು ತೆಳ್ಳಗೆ ಅಂಟಿಕೊಳ್ಳುತ್ತದೆ. ಇದನ್ನು ಆಧರಿಸಿದ ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ನಮ್ಮದೇ ದೇಶದ ಕೋಲ್ಕತ್ತದಲ್ಲಿ ಆರಂಭವಾಯಿತು. ಗುರುತುಗಳನ್ನು ವರ್ಗೀಕರಿಸುವ ವಿಧಾನವನ್ನು ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಇಷ್ಟು ದೊಡ್ಡ ವಿದ್ಯೆ ನಿಂತಿರುವುದು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಹೋಗಿಬಿಡುವ ಆ ಜಿಡ್ಡಿನ ಮೇಲೆ.

ಶಿರಸಿ ಕಡೆಯ ಒಂದು ಅಡಿಕೆ ತೋಟದ ಮನೆಯ ಪ್ರಸಂಗ ಹೇಳುತ್ತೇನೆ. ಮಳೆಗಾಲ. ಮನೆಯವರು ನೆಂಟರಲ್ಲಿಗೆ ಹೋಗಿ ಬೆಳಿಗ್ಗೆ ಮರಳುವಷ್ಟರಲ್ಲಿ ಹಿತ್ತಿಲ ಬಾಗಿಲು ಮುರಿದಿತ್ತು, ಕಪಾಟಿನಲ್ಲಿದ್ದ ಬಂಗಾರ ಹೋಗಿತ್ತು. ನಾವು ಕಾರವಾರದಿಂದ ಹೊರಟು, ಮಂಜು ಕವಿದ ದೇವಿಮನೆ ಘಟ್ಟವನ್ನು ಹತ್ತಿ ಅಲ್ಲಿಗೆ ತಲುಪಲು ಮೂರು ತಾಸಿಗಿಂತ ಹೆಚ್ಚು ಹಿಡಿಯಿತು. ಬಾಗಿಲಲ್ಲಿ ನೀರು ಬೆಲ್ಲ ಹಿಡಿದು ನಿಂತಿದ್ದ ಆ ಮನೆಯ ಹಿರಿಯ ಹೆಂಗಸು, “ನೀವೆಲ್ಲ ಅಷ್ಟು ದೂರದಿಂದ ಬರ್ತೀರಿ ಅಂತ ಎಲ್ಲಾ ಒರೆಸಿ ಚೊಕ್ಕ ಮಾಡಿಟ್ಟಿದ್ದೇನೆ, ತಮಾ” ಎಂದರು. ಕೆಸರು ಹೆಜ್ಜೆಯ ಜಗಲಿಯನ್ನು ತೊಳೆದಿದ್ದರು, ಕಪಾಟಿನ ಬಾಗಿಲನ್ನು ಒದ್ದೆ ಬಟ್ಟೆಯಿಂದ ಉಜ್ಜಿದ್ದರು, ಚೆಲ್ಲಾಡಿದ್ದ ಸೀರೆಗಳನ್ನು ಮಡಿಸಿ ಒಳಗಿಟ್ಟಿದ್ದರು. ಮನೆಗೆ ಬರುವವರು ಹೊಲಸನ್ನು ನೋಡಬಾರದು ಎಂಬ ಅವರ ಭಾವನೆಯನ್ನು ತಪ್ಪೆನ್ನಲಾರೆ. ಆದರೆ ಪೆಟ್ಟಿಗೆ ತೆರೆದು ಪುಡಿ ಮತ್ತು ಕುಂಚ ಹಿಡಿದು ಎರಡು ತಾಸು ಹುಡುಕಿದರೂ ಆ ಕಪಾಟಿನ ಮೇಲೆ ಒಂದು ಗೆರೆಯೂ ಸಿಗದಿದ್ದಾಗ ನನಗಾದ ಸಂಕಟ ಇಂದಿಗೂ ಮರೆತಿಲ್ಲ.

ಹೊರಡಬೇಕೆಂದಿರುವಾಗ ಅವರ ಮೊಮ್ಮಗಳು ದೇವರ ಕೋಣೆಯ ಬಾಗಿಲಲ್ಲಿ ನಿಂತು, “ಆ ಪಟವನ್ನು ನಾವು ಹಾಗೆ ಇಡುವುದಿಲ್ಲ” ಎಂದಳು. ಗೋಡೆಯ ಮೇಲಿದ್ದ ದೇವರ ಪಟ ಸ್ವಲ್ಪ ವಾಲಿತ್ತು. ಬೆಳಗಿನ ಗಡಿಬಿಡಿಯಲ್ಲಿ ಅಜ್ಜಿಗೆ ಸ್ನಾನವಾಗಿರಲಿಲ್ಲ. ಮೈಲಿಗೆಯಲ್ಲಿ ದೇವರ ಕೋಣೆಗೆ ಕಾಲಿಡಬಾರದೆಂದು ಅದೊಂದನ್ನು ಒರೆಸದೆ ಬಿಟ್ಟಿದ್ದರು. ಪಟದ ಗಾಜಿನ ಮೇಲೆ ವರ್ಷಗಟ್ಟಲೆ ದೀಪದ ಮಸಿ ಮತ್ತು ಎಣ್ಣೆಯ ಪಸೆ ಕೂತಿತ್ತು. ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ, ಕೆಳಗಿನ ಮೂಲೆಯಲ್ಲಿ, ಮಸಿಯೊಳಗೆ ಒತ್ತಿದಂತೆ ಒಂದು ಹೆಬ್ಬೆರಳು! ಸುಳಿಯ ನಡುವೆ ಕವಲೊಡೆದ ಗೆರೆಯೂ ಕಣ್ಣಿಗೇ ಕಾಣುತ್ತಿತ್ತು. ಎಣ್ಣೆ ಗಾಜಿಗೆ ಪುಡಿ ಹಾಕಿದರೆ ಎಲ್ಲ ಕಡೆ ಮೆತ್ತಿಕೊಂಡು ಹಾಳಾಗುತ್ತದೆಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊದಲು ಫೋಟೊ ತೆಗೆದೆವು. ಬಳಿಕ ಮನೆಮಂದಿಯೆಲ್ಲರ ಬೆರಳಚ್ಚು ಪಡೆದು ಹೋಲಿಸಿದೆವು. ಅದು ಅವರಲ್ಲಿ ಯಾರದೂ ಆಗಿರಲಿಲ್ಲ. ಹಿಂದಿನ ಪ್ರಕರಣವೊಂದರಲ್ಲಿ ನಮ್ಮ ದಾಖಲೆಗೆ ಸೇರಿದ್ದವನೊಬ್ಬನ ಹೆಬ್ಬೆರಳಿಗೆ ಅದು ಗೆರೆಗೆ ಗೆರೆ ಹೊಂದಿತು. ಬೀಗದ ಕೈ ಹುಡುಕುತ್ತಾ ಆತ ಆ ಪಟವನ್ನು ಎತ್ತಿದ್ದ. ಇಡೀ ಮನೆಯಲ್ಲಿ ಯಾರೂ ಮುಟ್ಟದೆ ಉಳಿದ ಒಂದೇ ಜಾಗ ಅಂದು ಸಾಕ್ಷಿ ಹೇಳಿತು.

ನನಗೆ ಕೊಟ್ಟ ಸಮಯದಲ್ಲಿ ಬಹುಭಾಗ ಇದಕ್ಕೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ರಕ್ತ ತಾಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಬೇಡಿ. ನಮ್ಮ ಕರಾವಳಿಯ ಸೆಕೆಗೆ ಅದು ಒಳಗೇ ಬೆವೆತು ಕೊಳೆತು, ಡಿಎನ್ಎ ನಾಶವಾಗುತ್ತದೆ. ನಾವು ಅದನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತುತ್ತೇವೆ. ಹೆದ್ದಾರಿ 66ರಲ್ಲಿ ಗುದ್ದಿ ಓಡಿದ ವಾಹನದ ಗಾಜಿನ ಚೂರನ್ನು, ಸೈಕಲ್ಲಿಗೆ ಅಂಟಿದ ಬಣ್ಣದ ಹೊಪ್ಪಳವನ್ನು ಗುಡಿಸಿ ಚರಂಡಿಗೆ ಹಾಕಬೇಡಿ. ಗಾಯಾಳುವನ್ನು ಮಾತ್ರ ತಕ್ಷಣ ಆಸ್ಪತ್ರೆಗೆ ಸಾಗಿಸಿ.

ಮೀನುಗಾರ ಬಂಧುಗಳಿಗೆ ಒಂದು ಮಾತು. ನೀರಿನಲ್ಲಿ ಹೆಣ ಸಿಕ್ಕಾಗ, ಸಿಕ್ಕ ಜಾಗವನ್ನು ನಿಖರವಾಗಿ ನೆನಪಿಡಿ. ನೀರಿನಲ್ಲಿ ಡಯಾಟಮ್ ಎಂಬ, ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ ಇರುತ್ತದೆ. ಜೀವವಿರುವಾಗ ಮುಳುಗಿದವನ ಶ್ವಾಸಕೋಶದಿಂದ ಅದು ರಕ್ತಕ್ಕಿಳಿದು ಮೂಳೆಯ ಮಜ್ಜೆಯ ತನಕ ಹೋಗುತ್ತದೆ. ಸತ್ತ ಮೇಲೆ ಎಸೆದಿದ್ದರೆ ಹೋಗುವುದಿಲ್ಲ, ಏಕೆಂದರೆ ಅದನ್ನು ಒಯ್ಯುವ ಹೃದಯ ನಿಂತಿರುತ್ತದೆ. ಸದಾಶಿವಗಡದ ಬಳಿಯ ಕಾಳಿ ಅಳಿವೆಯ ಪಾಚಿ ಬೇರೆ, ಮೇಲಿನ ಸಿಹಿನೀರಿನದು ಬೇರೆ. ಆದ್ದರಿಂದಲೇ, ಹೋಲಿಸಿ ನೋಡಲು, ಹೆಣ ಸಿಕ್ಕ ಜಾಗದ ನೀರನ್ನೂ ನಾವು ಬಾಟಲಿಯಲ್ಲಿ ಒಯ್ಯುತ್ತೇವೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೇಳುತ್ತದೆ. ತಜ್ಞರು ಬರುವ ಮೊದಲೇ ಊರಿನ ಇಪ್ಪತ್ತು ಜನ ಮೊಬೈಲ್ ಹಿಡಿದು ಒಳಗೆ ಓಡಾಡಿದ್ದರೆ, ದಯವಿಟ್ಟು ಹೇಳಿ, ಆ ತಜ್ಞರು ಹುಡುಕುವುದು ಯಾರ ಹೆಜ್ಜೆಯನ್ನು?

ಬಾಗಿಲು ಎಳೆದುಕೊಂಡು ಹೊರಗೆ ನಿಂತು 112ಕ್ಕೆ ಕರೆ ಮಾಡಿ. ಅಂಗಳದ ಕೆಂಪು ಕೆಸರಿನಲ್ಲಿ ಅಪರಿಚಿತ ಹೆಜ್ಜೆ ಕಂಡು, ಮಳೆ ಬರುವಂತಿದ್ದರೆ, ಅದರ ಮೇಲೆ ಅಗಲವಾದ ಒಂದು ಬೋಗುಣಿಯನ್ನು, ಅಂಚು ಹೆಜ್ಜೆಗೆ ತಾಗದಂತೆ ಬೋರಲು ಹಾಕಿಡಿ. ನಾವು ಬಂದು, ನಾವೇ ಆ ಬೋಗುಣಿಯನ್ನು ಎತ್ತಿ, ಅಚ್ಚಿನ ಹಿಟ್ಟು ಕಲಸಿ ಹೊಯ್ದು ಹೆಜ್ಜೆಯ ಅಚ್ಚು ತೆಗೆಯುತ್ತೇವೆ. ನಮಸ್ಕಾರ.