ಪೊರೆ ಬಲಿಯಲಿ ಎಂದು ಕಾಯುವವರಿಗೆ

ಹಿರಿಯರಿಗೂ ಬೆಳೆಗಾರ ಬಂಧುಗಳಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮಪ್ಪ ಕನ್ನಡಕವನ್ನು ಪಕ್ಕಕ್ಕಿಟ್ಟು ಪತ್ರಿಕೆ ಓದತೊಡಗಿದರು. ಎಪ್ಪತ್ತು ದಾಟಿದವರ ಕಣ್ಣು ಚುರುಕಾಯಿತೆಂದು ನಾವೆಲ್ಲ ಹಿಗ್ಗಿ, ನೆಂಟರಿಗೂ ಹೇಳಿಕೊಂಡು ತಿರುಗಿದೆವು. ಅದೇ ಅಪ್ಪ ಚಿಕ್ಕಮಗಳೂರಿನ ನಿಲ್ದಾಣದಲ್ಲಿ ಮೂಡಿಗೆರೆಗೆಂದು ಕಡೂರಿನ ಬಸ್ಸು ಹತ್ತಿ ಕುಳಿತ ದಿನ ನಮ್ಮ ಹಿಗ್ಗು ಇಳಿಯಿತು. ಕಣ್ಣಿನ ಪೊರೆ ಶುರುವಾಗುವಾಗ ಕೆಲವರಿಗೆ ಹೀಗೆಯೇ ಆಗುತ್ತದೆ. ಕಣ್ಣಿನೊಳಗಿನ ಮಸೂರ (ಲೆನ್ಸ್) ಗಟ್ಟಿಯಾಗುತ್ತ ಹತ್ತಿರದ ನೋಟ ತುಸು ಕಾಲ ತಿಳಿಯಾಗುತ್ತದೆ, ದೂರದ್ದು ಮಸುಕಾಗುತ್ತದೆ.

ಪೊರೆ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಹಾಲಿನ ಕೆನೆಯಂತೆ ಕಣ್ಣಿನ ಮೇಲೆ ಕಟ್ಟುವುದಲ್ಲ ಅದು. ಒಳಗಿನ ಮಸೂರವೇ ಮಬ್ಬಾಗುವುದು. ಯಾವ ಔಷಧಿಯ ಹನಿಗೂ ಅದು ಕರಗುವುದಿಲ್ಲ.

ಇನ್ನು ನಮ್ಮ ದೊಡ್ಡ ನೆಪ: 'ಇನ್ನೂ ಬಲಿಯಲಿ'. ಹಣ್ಣಾಗುವ ತನಕ ಕಾಫಿ ಕೊಯ್ಯದವರು ಕಣ್ಣಿಗೂ ಅದೇ ಲೆಕ್ಕ ಹಾಕುತ್ತೇವೆ. ಆ ಮಾತು ಹಳೆಯ ಕಾಲಕ್ಕೆ ಸರಿಯಿತ್ತು. ಆಗ ದೊಡ್ಡ ಗಾಯ ಮಾಡಿ ಮಸೂರ ತೆಗೆದು, ಸೀಸೆಯ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. 1949ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರ ಇಟ್ಟರು. ಯುದ್ಧವಿಮಾನಗಳ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದೆ ಸುಮ್ಮನಿದ್ದುದನ್ನು ಅವರು ಕಂಡಿದ್ದರು! ಈಗ ಎರಡು-ಮೂರು ಮಿಲಿಮೀಟರ್ ಸೀಳಿನಲ್ಲೇ ಹಳೆಯ ಮಸೂರವನ್ನು ಪುಡಿಮಾಡಿ ಹೀರಿ, ಮಡಚಿದ ಹೊಸದನ್ನು ಕೂರಿಸುತ್ತಾರೆ. ಪೊರೆ ಬಲಿತಷ್ಟೂ ಗಟ್ಟಿ, ಕೆಲಸವೂ ಕಷ್ಟ. ದಿನದ ಬದುಕಿಗೆ ನೋಟ ಸಾಲದಾದರೆ ವೈದ್ಯರ ಬಳಿ ಹೋಗಲು ಅಷ್ಟೇ ಸಾಕು.

ಅಪ್ಪ ಬೇಡವೆಂದರೆಂದು ನಾನೂ ಎರಡು ಕೊಯ್ಲು ಕಳೆದೆ. ನಿಜ ಹೇಳಬೇಕೆಂದರೆ ಅವರ 'ಬೇಡ' ನನಗೆ ಅನುಕೂಲವಾಗಿತ್ತು.

ಆಸ್ಪತ್ರೆಯಲ್ಲಿ ಸಕ್ಕರೆ, ರಕ್ತದೊತ್ತಡ, ಮಸೂರದ ಅಳತೆ ಎಲ್ಲ ಆಯಿತು. ಯಾವ ಮಾತ್ರೆ ನುಂಗುತ್ತೀರಿ ಎಂದಾಗ ಅಪ್ಪ ಒಂದನ್ನು ಬಿಟ್ಟು ಉಳಿದವನ್ನು ಹೇಳಿದರು. ಬಿಟ್ಟದ್ದು ಟ್ಯಾಮ್ಸುಲೋಸಿನ್, ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರಕ್ಕೆ ತೊಂದರೆಯಾಗುವ ಗಂಡಸರಿಗೆ ಕೊಡುವ ಮಾತ್ರೆ. ಮಗಳ ಮುಂದೆ ಸಂಕೋಚ. ಆ ಮಾತ್ರೆ ನುಂಗುವವರಲ್ಲಿ ಶಸ್ತ್ರಕ್ರಿಯೆಯ ವೇಳೆ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ತೊಡಕಾಗಬಹುದು. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಸಿದ್ಧರಾಗಿರುತ್ತಾರೆ. ಪುಣ್ಯಕ್ಕೆ ಚೀಟಿ ನನ್ನ ಚೀಲದಲ್ಲಿತ್ತು. ಎಲ್ಲ ಮಾತ್ರೆಯ ಪಟ್ಟಿಯನ್ನೂ ಕಟ್ಟಿಕೊಂಡು ಹೋಗಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಶಸ್ತ್ರಕ್ರಿಯೆ ಅರ್ಧ ಗಂಟೆಯೊಳಗೆ ಮುಗಿಯಿತು. ಆಮೇಲಿನ ವಾರಗಳೇ ಉದ್ದ. ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಕಣ್ಣು ಉಜ್ಜುವಂತಿಲ್ಲ, ವೈದ್ಯರು ಹೇಳುವ ತನಕ ತಲೆಗೆ ನೀರಿಲ್ಲ, ಹಂಡೆಯ ಒಲೆಯ ಹೊಗೆಯಿಂದಲೂ ದೂರ. ನೋವು, ಕೆಂಪು ಹೆಚ್ಚಿದರೆ, ನೋಟ ಇಳಿದರೆ, ಬೆಳಗಾಗಲಿ ಎನ್ನದೆ ಅಂದೇ ವೈದ್ಯರ ಬಳಿ ಓಡಬೇಕು.

ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಜಗಲಿಯಲ್ಲಿ ಕೂತು, "ಗೋಡೆಗೆ ಯಾವಾಗ ಸುಣ್ಣ ಹೊಡೆಸಿದಿರಿ?" ಎಂದರು. ಆರು ವರ್ಷದಿಂದ ಹೊಡೆಸಿರಲಿಲ್ಲ. ಇನ್ನೊಂದು ಕಣ್ಣಿನ ದಿನವನ್ನು ಅವರೇ ಗೊತ್ತುಮಾಡಿದರು, ನಡು ಕೊಯ್ಲಿನಲ್ಲಿ.