ಗೆರೆಯಲ್ಲಿ ಅಡಗಿದ ಗೆಲುವು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಚುನಾವಣಾ ಸುದ್ದಿಗಳಲ್ಲಿ ‘ಜೆರಿಮ್ಯಾಂಡರಿಂಗ್’ ಎಂಬ ಪದ ಆಗಾಗ ಕಿವಿಗೆ ಬೀಳುತ್ತದೆ. ಪಕ್ಷದ ಲಾಭಕ್ಕೆ ತಕ್ಕಂತೆ ಮತಕ್ಷೇತ್ರದ ಗಡಿ ತಿರುಚುವುದು ಎಂದು ಅದರ ಅರ್ಥ. ಈ ಪದದೊಳಗೆ ಒಬ್ಬ ಮನುಷ್ಯನಿದ್ದಾನೆ, ಒಂದು ಪ್ರಾಣಿಯೂ ಇದೆ.

ಮನುಷ್ಯ ಎಲ್‌ಬ್ರಿಜ್ ಗೆರಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. 1812ರಲ್ಲಿ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್. ಅವರ ಪಕ್ಷದವರು ರಾಜ್ಯ ಸೆನೆಟ್ ಕ್ಷೇತ್ರಗಳನ್ನು ತಮಗೆ ಬೇಕಾದಂತೆ ಕತ್ತರಿಸಿ ಮಸೂದೆ ತಂದರು, ಗೆರಿ ಅಂಕಿತ ಹಾಕಿದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರವಂತೂ ಊರುಗಳನ್ನು ಬಳಸಿಕೊಂಡು ಬಾಗಿ ಬಳುಕಿತ್ತು. ಮಾರ್ಚ್ 26ರಂದು ಬಾಸ್ಟನ್ ಗೆಜೆಟ್ ಪತ್ರಿಕೆ ಆ ನಕ್ಷೆಗೆ ರೆಕ್ಕೆ, ಪಂಜ, ಕೋರೆಹಲ್ಲು ಬರೆದು ಅಚ್ಚು ಹಾಕಿತು. ಹಲ್ಲಿಯಂತಿರುವ ಸಾಲಮ್ಯಾಂಡರ್ ಎಂಬ ಪ್ರಾಣಿಯ ಹೆಸರಿಗೆ ಗೆರಿಯವರ ಹೆಸರು ಬೆರೆತು ‘ಗೆರಿಮ್ಯಾಂಡರ್’ ಹುಟ್ಟಿತು. ಅವರ ಹೆಸರಿನ ಗಕಾರ ಜನರ ಬಾಯಲ್ಲಿ ಜಕಾರವಾದದ್ದು ಆಮೇಲೆ. ಆ ವರ್ಷ ಗೆರಿ ಸೋತರು. ಅವರ ಪಕ್ಷ ಮಾತ್ರ ಸೆನೆಟ್‌ನ 40 ಸ್ಥಾನಗಳಲ್ಲಿ 29ನ್ನು ಗೆದ್ದಿತು.

ಇದು ನಡೆಯುವ ಬಗೆ ನೋಡಿ. ಕಾಗದದ ಮೇಲೆ 50 ಚುಕ್ಕೆ ಇಡಿ. 30 ಕೆಂಪು, 20 ನೀಲಿ. ಹತ್ತು ಹತ್ತು ಚುಕ್ಕೆಗಳ ಐದು ಕ್ಷೇತ್ರ ಮಾಡಬೇಕು. ಎರಡು ಕ್ಷೇತ್ರಗಳಲ್ಲಿ ಒಂಬತ್ತೊಂಬತ್ತು ಕೆಂಪು ಚುಕ್ಕೆಗಳನ್ನು ತುಂಬಿಬಿಡಿ. ಉಳಿದ ಮೂರರಲ್ಲಿ ನಾಲ್ಕು ಕೆಂಪು, ಆರು ನೀಲಿ ಬರುವಂತೆ ಗೆರೆ ಎಳೆಯಿರಿ. 20 ಚುಕ್ಕೆಗಳ ನೀಲಿ ಪಕ್ಷಕ್ಕೆ ಮೂರು ಸ್ಥಾನ, 30 ಚುಕ್ಕೆಗಳ ಕೆಂಪಿಗೆ ಎರಡು! ಒಂದು ಮತವನ್ನೂ ಕದ್ದಿಲ್ಲ, ಯಾರನ್ನೂ ಹೆದರಿಸಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತು ಮತ ಹಾಕಿದ ಮನುಷ್ಯನ ಬೆಲೆಯನ್ನು ಬೇರೆ ಯಾರೋ ಕೋಣೆಯಲ್ಲಿ ಕೂತು ಮೊದಲೇ ಇಳಿಸಿರುತ್ತಾರೆ.

ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣೆಗೆ ಪ್ರತ್ಯೇಕ ಆಯೋಗ ರಚಿಸುತ್ತಾರೆ. ಅಮೆರಿಕದ ಕೆಳಮನೆಯಲ್ಲಿ 435 ಸ್ಥಾನಗಳು. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಗಡಿ ತಿದ್ದುವ ಕೆಲಸ ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಯದ್ದೇ. ಗೆದ್ದವರ ಕೈಯಲ್ಲೇ ಪೆನ್ಸಿಲು. ಅರಿಜೋನಾದ ಮತದಾರರು 2000ದಲ್ಲಿ ಅದನ್ನು ಕಿತ್ತುಕೊಂಡು ಸ್ವತಂತ್ರ ಆಯೋಗಕ್ಕೆ ಕೊಟ್ಟರು. ಜನತೆಯೇ ಮಾಡಿದ ಈ ಕೆಲಸ ದೊಡ್ಡದು ಎಂದು ನಾನು ಭಾವಿಸುತ್ತೇನೆ.

ನ್ಯಾಯಾಲಯವೂ ಸುಮ್ಮನಿರಲಿಲ್ಲ. ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕೆಂದು ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿತು. ಆದರೆ 2019ರಲ್ಲಿ, ಪಕ್ಷದ ಲಾಭಕ್ಕಾಗಿ ಗೆರೆ ಎಳೆದರೆ ಅದನ್ನು ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಲಯಗಳು ವಿಚಾರಿಸಲಾಗದು ಎಂದು ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು. ನಾಲ್ವರು ಒಪ್ಪಲಿಲ್ಲ. ಆ ನಾಲ್ವರ ಪರವಾಗಿ ಬರೆದ ಎಲೀನಾ ಕೇಗನ್, ಗೌರವದಿಂದ, ಆದರೆ ಆಳವಾದ ದುಃಖದಿಂದ ಭಿನ್ನಮತ ದಾಖಲಿಸುತ್ತಿದ್ದೇನೆ ಎಂದು ತಮ್ಮ ಬರಹವನ್ನು ಮುಗಿಸಿದರು.

ನಮಸ್ಕಾರ.