ಸರ್ಕ್ಯೂಟಿಗೂ ನಿದ್ದೆ ಬೇಕು

ಕೇಳುಗರಿಗೆಲ್ಲಾ ನಮಸ್ಕಾರ. ಕೋಲಾರದ ಕಡೆ ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳು, ಮನೆಯಲ್ಲೇ ಸಣ್ಣಪುಟ್ಟ ಸರ್ಕ್ಯೂಟ್ ಕಟ್ಟುವವರು ರೇಡಿಯೊ ಮುಂದೆ ಕೂತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಹೇಳುವುದು ಒಂದೇ ಮಾತು. ಕೆಲಸ ಇಲ್ಲದಾಗ ಸರ್ಕ್ಯೂಟನ್ನು ಮಲಗಿಸಿ, ಅಂದರೆ ತೀರಾ ಕಡಿಮೆ ಕರೆಂಟ್ ಎಳೆಯುವ ಹಾಗೆ ಮಾಡಿ. ನಿಜವಾಗಿ ಮಲಗಿದೆಯಾ ಅಂತ ಮೀಟರ್ ಇಟ್ಟು ನೋಡಿ.

ಕರೆಂಟ್ ಎಲ್ಲಿ ಖರ್ಚಾಗುತ್ತದೆ? ಚಿಪ್ಪಿನೊಳಗಿನ ಒಂದೊಂದು ತಂತಿಯೂ ಪುಟ್ಟ ಬಿಂದಿಗೆ ಇದ್ದ ಹಾಗೆ. ತಂತಿಯ ಸಂಕೇತ ಸೊನ್ನೆಯಿಂದ ಒಂದಕ್ಕೆ ಬದಲಾದಾಗ ಬಿಂದಿಗೆ ತುಂಬುತ್ತದೆ. ಒಂದರಿಂದ ಸೊನ್ನೆಗೆ ಬದಲಾದಾಗ ಅಷ್ಟೂ ನೆಲಕ್ಕೆ ಚೆಲ್ಲುತ್ತದೆ. ಇದು ಸೆಕೆಂಡಿಗೆ ಲಕ್ಷಾಂತರ ಸಲ! ನೀರಿಗಾಗಿ ಸಾವಿರ ಅಡಿ ಬೋರ್ ಕೊರೆಸಿದವರು ನಾವು. ಸುಮ್ನೆ ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ವೋಲ್ಟೇಜ್ ಅಂದರೆ ನೀರು ಎತ್ತುವ ಎತ್ತರ. ಅದನ್ನು ಅರ್ಧ ಮಾಡಿದರೆ ಬಿಂದಿಗೆಗೆ ಬೀಳುವ ನೀರೂ ಅರ್ಧ, ಎತ್ತುವ ಎತ್ತರವೂ ಅರ್ಧ. ಖರ್ಚು ಕಾಲು ಭಾಗ. 5 ವೋಲ್ಟ್ ಬದಲು 3.3 ವೋಲ್ಟ್ ಕೊಟ್ಟರೆ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಮುಳಬಾಗಿಲು ಹತ್ತಿರದ ಟೊಮೆಟೊ ತೋಟವೊಂದಕ್ಕೆ ನಮ್ಮ ಹುಡುಗರು ಮಣ್ಣಿನ ತೇವ ಅಳೆಯುವ ಡಬ್ಬಿ ಮಾಡಿಕೊಟ್ಟಿದ್ದರು. ನಾಲ್ಕು ಪೆನ್ಸಿಲ್ ಸೆಲ್. ನಾಲ್ಕೇ ದಿನಕ್ಕೆ ಸತ್ತುಹೋಯಿತು. ತೋಟದ ಯಜಮಾನರು ಹೇಳಿದರು, "ಸಾರ್, ಸೆಲ್ ತಂದು ತಂದು ಸಾಕಾಯ್ತು. ಇದಕ್ಕಿಂತ ನಾನೇ ಮಣ್ಣು ಮುಟ್ಟಿ ನೋಡ್ತೀನಿ ಬಿಡಿ." ಹುಡುಗರು ದೊಡ್ಡ ಬ್ಯಾಟರಿ ಹಾಕೋಣ ಅಂದರು. ನನಗೆ ಈ ಮಾತು ಕೇಳಿದರೆ ಆಗುವುದಿಲ್ಲ. ಲೆಕ್ಕ ಹಾಕ್ರಪ್ಪಾ ಮೊದಲು ಅಂದೆ. ಸೆಲ್‌ನಲ್ಲಿ 2000 ಮಿಲಿಆಂಪ್ ಅವರ್, ಅಂದರೆ 1 ಮಿಲಿಆಂಪ್ ಎಳೆದರೆ 2000 ಗಂಟೆ. ನಾಲ್ಕನ್ನೂ ಸಾಲಾಗಿ ಜೋಡಿಸಿದ್ದರಿಂದ ಒಟ್ಟೂ ಅಷ್ಟೇ. ಡಬ್ಬಿ ಎಳೆಯುವುದು 20 ಮಿಲಿಆಂಪ್. ಭಾಗಿಸಿದರೆ 100 ಗಂಟೆ, ಅಂದರೆ ನಾಲ್ಕು ದಿನ. ಸೆಲ್ ತಪ್ಪೇನೂ ಇಲ್ಲ. ತೇವ ನೋಡಲು ಬೇಕಾದದ್ದು ಕಾಲು ಗಂಟೆಗೆ 2 ಸೆಕೆಂಡ್, ಇದು ಹಗಲೂ ರಾತ್ರಿ ಎದ್ದು ಕೂತಿತ್ತು!

ಸರಿ, ಪ್ರೋಗ್ರಾಂ ಬದಲಿಸಿ ಮಲಗಿಸಿದರು. ಆಗಲೂ ಹತ್ತು ದಿನಕ್ಕೇ ಖಾಲಿ. ನಾನೇ ಹೋಗಿ ಬದುವಿನ ಮೇಲೆ ಕೂತು ಮೀಟರ್ ಹಾಕಿದೆ. ಮಲಗಿದ್ದಾಗಲೂ 8 ಮಿಲಿಆಂಪ್. ಚಿಪ್ ಗಾಢ ನಿದ್ದೆಯಲ್ಲಿದೆ, ಪಕ್ಕದಲ್ಲಿ ಕೆಂಪು ಎಲ್‌ಇಡಿ ಆರಾಮಾಗಿ 3 ಮಿಲಿಆಂಪ್ ಕುಡಿಯುತ್ತಿದೆ. ಉಳಿದ 5 ರೆಗ್ಯುಲೇಟರಿನದು, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಭಾಗದ್ದು. ಎಲ್‌ಇಡಿ ಕಿತ್ತೆವು. ಸುಮ್ಮನಿದ್ದಾಗ ತೀರಾ ಕಡಿಮೆ ಎಳೆಯುವ ರೆಗ್ಯುಲೇಟರ್ ಹಾಕಿದೆವು. ಆಮೇಲೆ ಹಾಕಿದ ಸೆಲ್ಲೇ ಕೊನೆಯ ಕೊಯ್ಲು ಮುಗಿಯುವವರೆಗೂ ನಡೆಯಿತು. ಯಜಮಾನರು ಒಂದು ಬಾಕ್ಸ್ ಟೊಮೆಟೊ ಕಳಿಸಿಕೊಟ್ಟರು!

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಚಿಪ್ ವಿನ್ಯಾಸ ಮಾಡುವವರೂ ಇದೇ ಲೆಕ್ಕ ಹಾಕುವುದು. ಯಾವ ತಂತಿ ಎಷ್ಟು ಸಲ ಬದಲಾಯಿತು ಅಂತ ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಸಿಮ್ಯುಲೇಷನ್‌ನಲ್ಲೇ ಎಣಿಸುತ್ತಾರೆ. ಕೆಲಸವಿಲ್ಲದ ಭಾಗಕ್ಕೆ ಕ್ಲಾಕ್, ಅಂದರೆ ಚಿಪ್ಪಿಗೆ ತಾಳ ಹಾಕುವ ಸಂಕೇತ, ನಿಲ್ಲಿಸುತ್ತಾರೆ. ಆದರೂ ಸೋರಿಕೆ ಅಂತ ಒಂದಿದೆ, ಆಫ್ ಆದ ಟ್ರಾನ್ಸಿಸ್ಟರಿನಲ್ಲೂ ಸ್ವಲ್ಪ ಕರೆಂಟ್ ಜಿನುಗುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ, ಬಿಸಿಯಾದಷ್ಟೂ ಅದು ಜಾಸ್ತಿ. ಅದಕ್ಕೆ ಆ ಭಾಗದ ಸಪ್ಲೈಯನ್ನೇ ಕಡಿಯುತ್ತಾರೆ. ಅದೂ ಮಲಗಿಸುವುದೇ ತಾನೆ?

ಇವತ್ತು ಸಂಜೆ ನಿಮ್ಮ ಪ್ರಾಜೆಕ್ಟ್ ಹೊರಗೆ ತೆಗೆಯಿರಿ. ಮೀಟರಿನ ಕೆಂಪು ತಂತಿಯನ್ನು ಮಿಲಿಆಂಪ್ ತೂತಿಗೆ ಹಾಕಿ, ಸೆಲ್‌ಗೂ ಸರ್ಕ್ಯೂಟಿಗೂ ನಡುವೆ ಸೇರಿಸಿ. ಸೆಲ್‌ನ ಎರಡು ತುದಿಗೆ ನೇರವಾಗಿ ಹಿಡಿಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಮಲಗಿದಾಗ ಎಷ್ಟು ತೋರಿಸಿತು ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ನಮಸ್ಕಾರ.